ಪರದೆ ಒಗೆದ ವಾರ

ನೊಣ ಸಾಕುವ ಕೆಲಸ ಎಂದರೆ ಯಾರಿಗಾದರೂ ನಗು ಬರುತ್ತದೆ. ನಾನೂ ಮೊದಲ ದಿನ ನಕ್ಕಿದ್ದೆ. ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ, ಜೇನನ್ನೂ ಸಾಕುತ್ತಾರೆ; ಓಡಿಸಿದರೂ ಹೋಗದ ನೊಣವನ್ನು ಸಂಬಳ ಕೊಟ್ಟು ಸಾಕಿಸುವವರಿದ್ದಾರೆಂದು ಯಾರು ಎಣಿಸಿದ್ದರು? ಕೆಲಸ ಸಿಕ್ಕಿತೆಂದು ಮನೆಗೆ ಬಂದು ಹೇಳಿದಾಗ ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಭಾವ ಮಾತ್ರ ಬಹಳ ಗಂಭೀರವಾಗಿ, “ಹೊತ್ತಿಗೆ ಎಷ್ಟು ಲೀಟರ್ ಕೊಡುತ್ತಂತೆ?” ಎಂದು ಕೇಳಿದರು. ಅಂದಿನಿಂದ ನಾನು ಆ ಮನೆಯಲ್ಲಿ ನೊಣದಮ್ಮ.

ಆ ಮನೆ ಎಂದರೆ ಅಕ್ಕ, ಭಾವ ಮತ್ತು ನಾನು. ಹಿಂಬಾಗಿಲು ತೆರೆದರೆ ಕಿತ್ತಳೆ ತೋಟ. ಕಣಿವೆಯ ಉದ್ದಕ್ಕೂ ಇಂಥವೇ ತೋಟಗಳು. ಎಲ್ಲರಿಗೂ ಇದ್ದ ಶತ್ರು ಒಂದೇ, ಹಣ್ಣುನೊಣ. ಅದು ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೊರಗಿನಿಂದ ಹಣ್ಣು ಮದುಮಗಳ ಹಾಗೆ ಹೊಳೆಯುತ್ತಿರುತ್ತದೆ, ಬಿಡಿಸಿದರೆ ಹುಳ ಬುಳುಬುಳು. ಅದಕ್ಕೆಂದು ಭಾವ ಇಪ್ಪತ್ತೆರಡು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆದರು. ಔಷಧಿ ಎಂದು ನಾವು ಬಾಯಿಮಾತಿಗೆ ಅನ್ನುವುದು, ಅದು ವಿಷವೇ. ಕೊನೆಕೊನೆಗೆ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಚಹಾದ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಯ ಮೇಲಿರುತ್ತಿತ್ತು. ಅಂಗಿಯ ಗುಂಡಿಯನ್ನು ಅಕ್ಕನೇ ಹಾಕಬೇಕಿತ್ತು. ಡಾಕ್ಟರು ನರಗಳ ಚಿತ್ರ ತೋರಿಸಿ, “ಇದುವರೆಗೆ ಹೋಗಿದ್ದು ಸ್ವಲ್ಪ ವಾಪಸ್ ಬರಬಹುದು. ಇನ್ನೊಂದು ಸಲ ಶುರು ಮಾಡಿದ್ರೆ ಬರಲ್ಲ” ಎಂದಿದ್ದರು. ಅಷ್ಟೇ ಮಾತು. ಅಕ್ಕ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು.

ಹಾಗಾಗಿ ಕಾರ್ಖಾನೆ ಬಂದಾಗ ಕಣಿವೆಯಲ್ಲಿ ಮೊದಲು ಒಪ್ಪಿಗೆ ಕೊಟ್ಟ ತೋಟ ನಮ್ಮದು. ಕೊಡಿಸಿದವಳು ನಾನು.

ಉಪಾಯ ಇಷ್ಟೇ. ಬಿಸಿ ಕೋಣೆಯಲ್ಲಿ ಗೋಧಿ ಬೂಸಾ, ಸಕ್ಕರೆ, ಈಸ್ಟ್ ಕಲಸಿದ ತಟ್ಟೆಗಳಲ್ಲಿ ಲಕ್ಷಗಟ್ಟಲೆ ಹುಳ ಬೆಳೆಸುವುದು. ಹುಳ ಮುದುರಿ ಕಂದು ಕೋಶವಾಗುತ್ತದೆ. ನೋಡಲು ಥೇಟ್ ಧಾನ್ಯದ ಹಾಗೆ ಇರುವುದರಿಂದ ನಾವು ಅದನ್ನು ಕಾಳು ಎಂದೇ ಕರೆಯುತ್ತಿದ್ದೆವು. ಕಾಳಿಗೆ ಗುಲಾಬಿ ಬಣ್ಣದ ಪುಡಿ ಹಚ್ಚಿ, ಚೀಲಕ್ಕೆ ತುಂಬಿ, ಗಾಡಿಯಲ್ಲಿಟ್ಟು ಕೋಬಾಲ್ಟ್ ಕೋಣೆಗೆ ನೂಕುವುದು. ಅಲ್ಲಿ ಕೆಲವು ನಿಮಿಷ ವಿಕಿರಣ ಬಿದ್ದರೆ ನೊಣ ಸಾಯುವುದಿಲ್ಲ. ಹಾರುತ್ತದೆ, ಜೋಡಿ ಹುಡುಕುತ್ತದೆ, ಸಂಸಾರಕ್ಕೇನೂ ಕೊರತೆಯಿಲ್ಲ. ಮೊಟ್ಟೆ ಮಾತ್ರ ಒಡೆಯುವುದಿಲ್ಲ. ಅಂಥವನ್ನು ವಾರಕ್ಕೆರಡು ಸಲ ಕಣಿವೆಯ ಮೇಲೆ ಬಿಡುತ್ತ ಹೋದರೆ, ಕಾಡುನೊಣಗಳು ಇವುಗಳ ಜೊತೆ ಕೂಡಿ ಕೂಡಿ ಒಂದೆರಡು ವರ್ಷದಲ್ಲಿ ವಂಶವೇ ನಿಂತುಹೋಗುತ್ತದೆ. ವಿಷದ ಹನಿ ಬೇಕಾಗುವುದಿಲ್ಲ.

“ಅಂದ್ರೆ ನೊಣಗಳ ಕುಟುಂಬ ಯೋಜನೆ ಆಫೀಸು ಅನ್ನು” ಎಂದರು ಭಾವ. “ನಮ್ಮ ಕಾಲದಲ್ಲಿ ಆಪರೇಷನ್ ಮಾಡಿಸ್ಕೊಂಡೋರಿಗೆ ಬಕೆಟ್ ಕೊಡ್ತಿದ್ರು. ನೊಣಕ್ಕೇನು ಕೊಡ್ತೀರಿ?”

“ಗುಲಾಬಿ ಪುಡಿ” ಎಂದೆ.

ಆ ಪುಡಿಯೂ ಸುಮ್ಮನೆ ಹಚ್ಚಿದ್ದಲ್ಲ. ತೋಟಗಳಲ್ಲಿ ಅಲ್ಲಲ್ಲಿ ನೊಣ ಹಿಡಿಯುವ ಬೋನು ತೂಗುಹಾಕಿರುತ್ತಿದ್ದರು. ಬೋನಿನವ ಎಂದೇ ಹೆಸರಾದ ಒಬ್ಬ ಮೋಟಾರು ಬೈಕಿನಲ್ಲಿ ವಾರಕ್ಕೊಮ್ಮೆ ಅವನ್ನು ಬಿಚ್ಚಿ ತಂದು ನೇರಳೆ ದೀಪದ ಕೆಳಗೆ ಸುರಿಯುತ್ತಿದ್ದ. ಗುಲಾಬಿ ಹೊಳೆದರೆ ನಮ್ಮ ನೊಣ, ಬಂಜೆ, ಚಿಂತೆಯಿಲ್ಲ. ಹೊಳೆಯದಿದ್ದರೆ ಕಾಡುನೊಣ. ಮೊದಲ ವರ್ಷ ಹೊಳೆಯದವು ನೂರಾರು. ಎರಡನೇ ವರ್ಷ ಬೆರಳೆಣಿಕೆ. ಮೂರನೇ ವರ್ಷ ಒಂದೂ ಇರಲಿಲ್ಲ.

ಆ ಮೂರು ವರ್ಷದಲ್ಲಿ ಭಾವನ ಕೈ ನಿಧಾನವಾಗಿ ನಿಂತಿತು. ಒಂದು ಬೆಳಿಗ್ಗೆ ಅವರು ಅಡುಗೆಮನೆಯ ಬಾಗಿಲಲ್ಲಿ ಎದೆ ಸೆಟೆಸಿ ನಿಂತು, “ನೋಡ್ರೇ ಇಬ್ರೂ” ಎಂದರು. ನೋಡಿದೆವು. ಏನೂ ಕಾಣಲಿಲ್ಲ. “ಗುಂಡಿ ಕಣ್ರೇ, ಗುಂಡಿ!” ಎಲ್ಲ ಗುಂಡಿಗಳನ್ನೂ ತಾವೇ ಹಾಕಿಕೊಂಡಿದ್ದರು. ಒಂದು ಮನೆ ತಪ್ಪಿ, ಅಂಗಿ ಒಂದು ಕಡೆ ಉದ್ದ, ಒಂದು ಕಡೆ ಮೋಟು. ಅಕ್ಕ ಸರಿಮಾಡಲು ಕೈ ಚಾಚಿದರೆ, “ಮುಟ್ಟಬೇಡ, ಹಾಗೇ ಇರ್ಲಿ” ಎಂದು ಇಡೀ ದಿನ ಹಾಗೇ ಓಡಾಡಿದರು.

ಇನ್ನು ಉಳಿದಿದ್ದು ಒಂದು ತಪಾಸಣೆ. ದೊಡ್ಡ ಕಚೇರಿಯಿಂದ ಬಂದು ಕಾರ್ಖಾನೆ ನೋಡಿ, ಆ ಫಸಲಿನ ಹಣ್ಣಲ್ಲೂ ಹುಳವಿಲ್ಲವೆಂದು ಖಾತ್ರಿಯಾದರೆ, ನಮ್ಮದು ನೊಣವಿಲ್ಲದ ಕಣಿವೆ ಎಂದು ಬರೆದುಕೊಡುತ್ತಿದ್ದರು. ಹಣ್ಣು ಹಡಗು ಹತ್ತುತ್ತಿತ್ತು. ಔಷಧಿ ಪಂಪುಗಳು ಗುಜರಿಗೆ ಹೋಗುತ್ತಿದ್ದವು. ಭಾವ ಆಗಲೇ ತಮ್ಮದನ್ನು ಅಟ್ಟಕ್ಕೆಸೆದಿದ್ದರು.

ಈಗ ನನ್ನ ಕೆಲಸ ಹೇಳಬೇಕು. ಚೀಲ ಕಟ್ಟಿದ ಮೇಲೆ ಪ್ರತಿ ಚೀಲಕ್ಕೂ ಉಗುರಗಲದ ಒಂದು ಹಳದಿ ಚುಕ್ಕೆ ಅಂಟಿಸುವವಳು ನಾನು. ವಿಕಿರಣ ಬಿದ್ದರೆ ಹಳದಿ ಕೆಂಪಾಗುತ್ತದೆ. ಕಣ್ಣಿಗೆ ಕಾಣದ ವಸ್ತುವಿಗೆ ಅದೊಂದೇ ಸಾಕ್ಷಿ. ಕೋಬಾಲ್ಟ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಗವಿಯಜ್ಜ. ಆ ಕೋಣೆಯ ಗೋಡೆ ಆಳೆತ್ತರ ದಪ್ಪ, ಒಳಗೆ ಕಿಟಕಿಯಿಲ್ಲ. ಅದಕ್ಕೆ ಆ ಹೆಸರು. ನಿವೃತ್ತಿಗೆ ಒಂಬತ್ತು ತಿಂಗಳಿತ್ತು. ಅವರ ಕನ್ನಡಕ ಹಣೆಯ ಮೇಲಿರುತ್ತಿತ್ತು, ಅವರು ಅದನ್ನು ಮೇಜಿನ ಮೇಲೆ ಹುಡುಕುತ್ತಿರುತ್ತಿದ್ದರು. ಆದರೆ ನಿಯಮದ ವಿಷಯದಲ್ಲಿ ಕಟ್ಟುನಿಟ್ಟು. ಹಸಿ ಗಾಡಿ ಈ ಬಾಗಿಲಿಂದ ಒಳಗೆ ಹೋಗಬೇಕು, ಆದ ಗಾಡಿ ಆಚೆ ಬಾಗಿಲಿಂದ ಹೊರಗೆ ಹೋಗಬೇಕು. ಎರಡೂ ಒಂದೇ ಕೋಣೆಯಲ್ಲಿ ನಿಲ್ಲಕೂಡದು. “ಅತ್ತೆ ಸೊಸೆ ಒಂದೇ ಅಡುಗೆಮನೇಲಿ ನಿಂತ ಹಾಗೆ, ಯಾರು ಉಪ್ಪು ಹಾಕಿದ್ರು ಅಂತ ಯಾರಿಗೂ ಗೊತ್ತಾಗಲ್ಲ” ಎನ್ನುತ್ತಿದ್ದರು.

ನಾನು ಚುಕ್ಕೆ ಅಂಟಿಸುವ ಕೋಣೆಗೆ ಒಂದು ದೊಡ್ಡ ಕಿಟಕಿ. ಅದಕ್ಕೊಂದು ದಪ್ಪನೆಯ ಕಂದು ಪರದೆ, ಯಾವಾಗಲೂ ಎಳೆದೇ ಇರುತ್ತಿತ್ತು. ಕಂದು ಅದರ ಹುಟ್ಟುಬಣ್ಣವೋ, ಬೂಸಾದ ಧೂಳು ಕೂತು ಬಂದದ್ದೋ ಹೇಳಲಾಗುತ್ತಿರಲಿಲ್ಲ. ತಪಾಸಣೆಗೆ ನಾಲ್ಕು ದಿನವಿದೆ ಎನ್ನುವಾಗ ಕಾರ್ಖಾನೆ ನಡೆಸುವ ಮೇಡಂ ಎಲ್ಲರನ್ನೂ ನಿಲ್ಲಿಸಿ, “ಕಾರ್ಖಾನೆ ಫಳಫಳ ಅನ್ನಬೇಕು. ನೊಣ ಬಿಟ್ಟು ಬೇರೇನೂ ಕೊಳಕು ಅನ್ನೋ ಹಾಗಿರಬಾರದು” ಎಂದರು. ಮೇಡಂ ಓದಿದವರು, ನೊಣದ ವಿಷಯದಲ್ಲೇ ದೊಡ್ಡ ಪದವಿ. ನಮ್ಮ ಜೊತೆ ನೆಲದಲ್ಲೇ ಕೂತು ಊಟ ಮಾಡುವವರು. ಅವರ ಮಾತಿಗೆ ನಾನು ಉತ್ಸಾಹದಿಂದ ಸ್ಟೂಲು ಹತ್ತಿ ಪರದೆ ಬಿಚ್ಚಿದೆ.

“ಅದನ್ನ್ಯಾಕೆ ತೆಗೀತೀಯೇ?” ಎಂದರು ಗವಿಯಜ್ಜ.

“ಕೊಡವಿ ನೋಡಿ ಅಜ್ಜ. ಇದರಲ್ಲಿರೋ ಬೂಸಾದಲ್ಲಿ ಒಂದು ತಟ್ಟೆ ಹುಳ ಸಾಕಬಹುದು.”

ಅಜ್ಜ ಕೆಮ್ಮುತ್ತ ನಕ್ಕರು. ಆ ಪರದೆ ಯಾತಕ್ಕಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಅವರು ಕೆಲಸಕ್ಕೆ ಸೇರುವ ಮೊದಲೇ ಅದು ಅಲ್ಲಿ ತೂಗುತ್ತಿತ್ತು. ಮಾನ ಮುಚ್ಚೋಕಿರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದೆ. ಅಕ್ಕ, ನಾನು ಇಬ್ಬರೂ ದೊಡ್ಡ ಟಬ್ಬಿನಲ್ಲಿ ನಿಂತು ತುಳಿದೆವು. ನಾಲ್ಕು ನೀರು ತೆಗೆದರೂ ಕಂದು ಹೋಗಲಿಲ್ಲ, ಹುಟ್ಟುಬಣ್ಣವೇ ಆಗಿತ್ತು. ಒದ್ದೆ ಪರದೆ ಹೆಣಭಾರ. ಹಿಂಡಲು ಭಾವ ಒಂದು ತುದಿ ಹಿಡಿದರು, ನಾವಿಬ್ಬರೂ ಇನ್ನೊಂದು ತುದಿ.

“ಎಳೀರೇ, ಏನು ಉಪವಾಸ ಇದೀರಾ?” ಎಂದು ಗದರುತ್ತ ಅವರು ತಿರುಚಿದ ರಭಸಕ್ಕೆ ನಾವಿಬ್ಬರೂ ಮುಗ್ಗರಿಸಿದೆವು. ಅವರ ಮುಂಗೈಯ ನರಗಳು ಉಬ್ಬಿದ್ದವು, ಬೆರಳುಗಳು ಬಟ್ಟೆಯನ್ನು ಇಕ್ಕಳದ ಹಾಗೆ ಕಚ್ಚಿದ್ದವು. ಅಕ್ಕ ನನ್ನ ಕಡೆ ನೋಡಿ ಬಾಯಿ ಬಿಡದೆ ನಕ್ಕಳು. ಆ ಸಂಜೆಯಷ್ಟು ನಾವು ಮೂವರೂ ಖುಷಿಯಾಗಿದ್ದದ್ದು ನನಗೆ ಬೇರೆ ನೆನಪಿಲ್ಲ.

ಪರದೆ ಒಣಗಲು ಎರಡು ದಿನ ಹಿಡಿಯಿತು.

ಆ ಎರಡನೇ ದಿನವೇ ಆಚೆ ಬಾಗಿಲಿನ ಕಂಬಿ ಜಾರಿ ಬಾಗಿಲು ಸಿಕ್ಕಿಕೊಂಡಿತು. ರಿಪೇರಿಯವನು ಸಂಜೆ ಬರುತ್ತೇನೆಂದ. ನೊಣ ಕಾಯುವುದಿಲ್ಲ, ಕಾಳು ಒಡೆಯುವ ಗಳಿಗೆ ಬಂದರೆ ಬಂತು. ಗವಿಯಜ್ಜ ಗೊಣಗುತ್ತ, ಆದ ಗಾಡಿಗಳನ್ನು ಈ ಬಾಗಿಲಿಂದಲೇ ವಾಪಸು ನಮ್ಮ ಕೋಣೆಗೆ ತಂದು ಗೋಡೆ ಪಕ್ಕ ನಿಲ್ಲಿಸಿದರು. “ಇವತ್ತೊಂದು ದಿನ ಅತ್ತೆ ಸೊಸೆ ಹೊಂದ್ಕೊಳ್ಳಲಿ. ಚುಕ್ಕೆ ನೋಡ್ಕೊಂಡ್ರೆ ಆಯ್ತು.”

ಒಂದು ಗಾಡಿ ಹೋಗಿ ಬಂತು. ಎರಡನೆಯದೂ ಹೋಗಿ ಬಂತು. ಮೂರನೆಯದಕ್ಕೆ ನಾನು ಚುಕ್ಕೆ ಅಂಟಿಸಿ ಕಿಟಕಿಯ ಕೆಳಗೆ ನಿಲ್ಲಿಸಿದೆ. ಅಷ್ಟರಲ್ಲಿ ತಪಾಸಣೆಯವರ ಮುಂದೆ ಏನು ಹೇಳಬೇಕೆಂದು ಅಭ್ಯಾಸ ಮಾಡಿಸಲು ಮೇಡಂ ಅಜ್ಜನನ್ನು ಕರೆಸಿದರು. ನಾನು ಬಿಸಿ ಕೋಣೆಗೆ ತಟ್ಟೆ ತೊಳೆಯಲು ಹೋದೆ, ಅಲ್ಲೇ ಊಟ ಮಾಡಿದೆ. ವಾಪಸು ಬಂದಾಗ ಕೋಣೆ ತುಂಬ ಬಿಸಿಲು. ಪರದೆಯಿಲ್ಲದೆ ಎಷ್ಟು ಲಕ್ಷಣವಾಗಿದೆ ಈ ಕೋಣೆ ಎಂದುಕೊಂಡದ್ದು ನೆನಪಿದೆ.

ಅಜ್ಜನೂ ಬಂದರು. “ಈ ಮೂರನೇದು ಆಯ್ತೇನೇ? ಮೇಡಂ ಪಾಠ ಹೇಳಿ ಹೇಳಿ ನನ್ನ ತಲೆ ಮೊಸರು ಮಾಡಿಬಿಟ್ರು.”

ನಾನು ಬಗ್ಗಿ ನೋಡಿದೆ. ಇಪ್ಪತ್ತು ಚೀಲ, ಇಪ್ಪತ್ತು ಕೆಂಪು ಚುಕ್ಕೆ. “ಆಗಿದೆ ಅಜ್ಜ. ಕೆಂಪಗಿದೆ ನೋಡಿ.”

ಅವರು ಹಣೆಯಿಂದ ಕನ್ನಡಕ ಇಳಿಸಿ ನೋಡಿದರು. “ನಾನೇ ನೂಕಿರಬೇಕು ಬಿಡು. ವಯಸ್ಸಾಯ್ತು” ಎಂದು ಪುಸ್ತಕದಲ್ಲಿ ಮೂರನೆಯ ಗೀಟು ಹಾಕಿದರು. ನೊಣ ನಿಜಕ್ಕೂ ಬಂಜೆಯೇ ಎಂಬ ಪರೀಕ್ಷೆಗೆಂದು ಪ್ರತಿದಿನ ಒಂದು ಹಿಡಿ ಕಾಳು ಎತ್ತಿಡುವ ಪದ್ಧತಿಯಿತ್ತು. ಅವತ್ತಿನದನ್ನು ಮೊದಲ ಗಾಡಿಯಿಂದ ಎತ್ತಿಟ್ಟಾಗಿತ್ತು.

ಅಷ್ಟೇ ಆದದ್ದು. ಗುಡುಗಿಲ್ಲ, ಸಿಡಿಲಿಲ್ಲ. ಚೀಲಕ್ಕೆ ಲಕ್ಷದಂತೆ ಇಪ್ಪತ್ತು ಲಕ್ಷ ನೊಣ, ಹೆಣ್ಣು ಗಂಡು ಎರಡೂ, ಹುಟ್ಟಿದ ಹಾಗೆ ಹುಟ್ಟಿ, ಮೈಗೆ ನಮ್ಮ ಗುಲಾಬಿ ಪುಡಿ ಬಳಿದುಕೊಂಡು ಮರುದಿನ ಬೆಳಿಗ್ಗೆ ಕಣಿವೆಗೆ ಹೋದವು. ಮೂರನೇ ಗಾಡಿಯ ಸರದಿ ಯಾವಾಗಲೂ ನಮ್ಮ ಕಡೆಯ ತೋಟಗಳಿಗೆ.

ತಪಾಸಣೆಯವರು ಬರುವಷ್ಟರಲ್ಲಿ ಬಾಗಿಲು ಸರಿಯಾಗಿತ್ತು, ಪರದೆ ಇಸ್ತ್ರಿಯಾಗಿ ಕಿಟಕಿಗೆ ಮರಳಿತ್ತು. ಅವರಲ್ಲೊಬ್ಬರು ಅದನ್ನು ಮುಟ್ಟಿ ನೋಡಿ, “ಎಷ್ಟು ಚೊಕ್ಕಟವಾಗಿ ಇಟ್ಟಿದೀರಿ” ಎಂದರು. ಮೇಡಂ ನನ್ನ ಕಡೆ ಕೈ ತೋರಿಸಿದರು. ನಾನು ಹಿಗ್ಗಿ ಹೀರೇಕಾಯಾದೆ.

ಮೂರು ವಾರ ಬೋನಿನವ ಹಾಡಿಕೊಂಡೇ ಬರುತ್ತಿದ್ದ. “ನಿಮ್ಮ ತೋಟದ ಕಡೆ ಬೋನು ತುಂಬಿ ತುಳುಕ್ತಿದೆ ಅಕ್ಕೋ, ಎಲ್ಲಾ ಗುಲಾಬಿ. ಎಲ್ಲಾ ನಮ್ಮೋರೇ!” ಹೌದು, ನಮ್ಮವೇ. ಬಣ್ಣ ನೋಡಿ ಎಲ್ಲರೂ ನೆಮ್ಮದಿಯಾಗಿದ್ದೆವು. ನಾಲ್ಕನೇ ವಾರ ಅವನು ಹಾಡಲಿಲ್ಲ. ನೇರಳೆ ದೀಪದ ಕೆಳಗೆ ಒಂದಿಷ್ಟು ನೊಣ ಹೊಳೆಯದೆ ಕಪ್ಪಗೆ ಬಿದ್ದಿದ್ದವು, ಪುಡಿಯ ಸೋಂಕಿಲ್ಲದೆ ತೋಟದಲ್ಲೇ ಹುಟ್ಟಿದವು. ಆ ಭಾನುವಾರ ಅಕ್ಕ ತೋಟದಿಂದ ಮಡಿಲಲ್ಲಿ ಹಣ್ಣು ತಂದು ಒಂದನ್ನು ಬಿಡಿಸಿ ನನ್ನ ಕೈಗೆ ಕೊಡಹೋದವಳು ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ತೊಳೆಗಳ ನಡುವೆ ಬಿಳಿಯ ಹುಳ ಜಿಗಿಯುತ್ತಿದ್ದವು. ಇನ್ನೊಂದು ಬಿಡಿಸಿದಳು. ಮತ್ತೊಂದು. ಮಡಿಲಲ್ಲಿದ್ದ ಒಂಬತ್ತರಲ್ಲಿ ಏಳು.

ಭಾವ ಅಟ್ಟದ ಕಡೆ ಒಮ್ಮೆ ನೋಡಿದರು.

ಕಣಿವೆಗೆ ಹೊರಗಿನ ಹಣ್ಣು ತರಬಾರದು ಎಂಬ ಕಟ್ಟಳೆಯಿತ್ತು. ಹುಳ ಮೊದಲು ಕಂಡದ್ದು ನಮ್ಮಲ್ಲಿ, ಹಾಗಾಗಿ ಬೆರಳುಗಳೆಲ್ಲ ನಮ್ಮ ಮನೆಯ ಕಡೆ ತಿರುಗಿದವು. ಪಕ್ಕದ ತೋಟದವಳು ಬೇಲಿಯಾಚೆಯಿಂದಲೇ, “ಯಾರು ನೆಂಟ್ರು ಬಂದಿದ್ರು, ಏನು ತಂದಿದ್ರು, ಹೇಳಿಬಿಡು ಮಹಾರಾಯ್ತಿ” ಎಂದಳು. “ನಮ್ಮನೆಗೆ ಬರೋ ನೆಂಟಳು ಇವಳೊಬ್ಬಳೇ, ಬಂದವಳು ಹೋಗೇ ಇಲ್ಲ” ಎಂದು ಅಕ್ಕ ನನ್ನನ್ನು ತೋರಿಸಿದಳು. ಯಾರೂ ನಗಲಿಲ್ಲ. ಮೇಡಂ ರಾತ್ರಿ ಹಗಲು ನಕ್ಷೆ ಹರಡಿಕೊಂಡು ನೊಣ ಎಲ್ಲಿಂದ ಬಂತೆಂದು ಹುಡುಕುತ್ತಿದ್ದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಕಾರ್ಖಾನೆಯಲ್ಲಿ ಎಲ್ಲರ ಊಟದ ಡಬ್ಬಿಯೂ ಒಂದೇ ಥರ. ನನ್ನದರ ಗುರುತಿಗೆ ಮುಚ್ಚಳದ ಮೇಲೆ ಒಂದು ಹಳದಿ ಚುಕ್ಕೆ ಅಂಟಿಸಿ, ನೀರು ತಾಗದಿರಲೆಂದು ಮೇಲೊಂದು ಟೇಪು ಹಾಕಿಕೊಂಡಿದ್ದೆ. ಹಳೆಯದು ಕಿತ್ತುಬಂದಿತ್ತೆಂದು ಹೊಸದು ಹಾಕಿ ಎರಡು ದಿನವಾಗಿತ್ತು. ಅವತ್ತು ರಜೆ. ಅಕ್ಕ ಡಬ್ಬಿ ತೊಳೆದು ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿದ್ದಳು, ಮುಚ್ಚಳವನ್ನು ಪಕ್ಕದಲ್ಲಿ, ಚುಕ್ಕೆ ಮೇಲಾಗಿ. ಮಧ್ಯಾಹ್ನ ಎತ್ತಿಕೊಂಡು ಬಂದು, “ಏನೇ ಇದು, ನಿನ್ನ ಹಳದಿ ಬೊಟ್ಟು ಕೆಂಪಾಗಿದೆ. ನನ್ನ ಗೋಡೆ ಮೇಲೂ ಕೋಬಾಲ್ಟ್ ಇದೆಯೇನೇ?” ಎಂದಳು.

ಅವಳು ತಮಾಷೆಗೆ ಅಂದದ್ದು. ನಾನು ಮುಚ್ಚಳ ಕೈಗೆ ತೆಗೆದುಕೊಂಡೆ. ತಗಡು ಇನ್ನೂ ಬಿಸಿಲಿಗೆ ಕಾದಿತ್ತು.

ಬಿಸಿಲು ತುಂಬಿದ ಆ ಕೋಣೆ, ಕಿಟಕಿಯ ಕೆಳಗಿನ ಗಾಡಿ, ‘ಆಗಿದೆ ಅಜ್ಜ’ ಎಂದ ನನ್ನದೇ ದನಿ. ಪರದೆ ಯಾತಕ್ಕಿತ್ತೆಂದು ಗೊತ್ತಾಯಿತು.

“ಯಾಕೆ ಹಾಗೆ ಬಿಳಿಚಿಕೊಂಡೆ?” ಎಂದಳು ಅಕ್ಕ.

ಅವಳಿಗೇ ಮೊದಲು ಹೇಳಿದೆ. ಎಲ್ಲ ಕೇಳಿ ಅಕ್ಕ ಮುಚ್ಚಳ ಒರೆಸುತ್ತ, “ಯಾರಿಗೂ ಹೇಳದಿದ್ರೆ ಏನಾಗುತ್ತೆ?” ಎಂದಳು.

“ನೊಣ ಹೊರಗಿಂದ ಬಂತು ಅಂತಾರೆ. ನಿಮ್ಮಿಂದ ಬಂತು ಅಂತಾರೆ.”

“ಅನ್ನಲಿ. ಕಾರ್ಖಾನೆ ಇರುತ್ತಲ್ಲ? ಮತ್ತೆ ನೊಣ ಬಿಡ್ತಾರಲ್ಲ?”

“ಎಷ್ಟು ಬಿಡಬೇಕು ಅಂತ ಗೊತ್ತಾಗಬೇಕಾದ್ರೆ ಎಷ್ಟು ತಪ್ಪಿಹೋಯ್ತು ಅಂತ ಮೇಡಂಗೆ ಗೊತ್ತಿರಬೇಕಕ್ಕ. ಅವರು ಎಲ್ಲೆಲ್ಲೋ ಹುಡುಕ್ತಿದಾರೆ. ಅಷ್ಟರಲ್ಲಿ ಇಡೀ ಕಣಿವೆ ಹೋಗುತ್ತೆ.”

“ಹಾಗಾದ್ರೆ ಹೇಳು” ಎಂದಳು. ನಿಜ ಹೇಳಿದರೆ ದಾರಿ ಸಿಗುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು.

ಮೇಡಂ ಬೈಯಲಿಲ್ಲ. ಪರದೆ ಸರಿಸಿ, ಬಿಸಿಲಿಗೆ ಒಂದು ಸಾಲು ಹಳದಿ ಚುಕ್ಕೆ ಇಟ್ಟು, ಕೈಗಡಿಯಾರ ನೋಡುತ್ತ ಕೂತರು. ಗವಿಯಜ್ಜನನ್ನೂ ಕರೆದರು. ನಲವತ್ತು ನಿಮಿಷಕ್ಕೆ ಚುಕ್ಕೆ ಕೇಸರಿಯಾಯಿತು. ಒಂದೂಕಾಲು ಗಂಟೆಗೆ ಕೆಂಪು. ಅಜ್ಜ ತಮ್ಮ ಪುಸ್ತಕ ತೆರೆದು ಆ ದಿನದ ಮೂರನೇ ಗೀಟಿನ ಮೇಲೆ ಬೆರಳಿಟ್ಟರು. ಎರಡು ಗೀಟುಗಳ ಮುಂದೆ ಗಂಟೆ ನಿಮಿಷ ಬರೆದಿತ್ತು. ಮೂರನೆಯದರ ಮುಂದೆ ಖಾಲಿ.

“ಬಿಸಿಲು ತಾಗಬಾರದು ಅಂತ ಪರದೆ ಹಾಕಿದ್ದು. ನಿನಗೆ ಯಾರೂ ಹೇಳಿರಲಿಲ್ವಾ?” ಎಂದರು ಮೇಡಂ.

“ಇಲ್ಲ ಮೇಡಂ.”

“ನಾನೂ ಹೇಳಲಿಲ್ಲ. ಚುಕ್ಕೆಯ ಡಬ್ಬದ ಮೇಲೆ ಬರೆದಿದೆ, ಸಣ್ಣ ಅಕ್ಷರದಲ್ಲಿ. ಓದಿರ್ತಾರೆ ಅಂದ್ಕೊಂಡೆ.”

“ನಾನು ಕೇಳಬಾರದಿತ್ತು ಇವಳನ್ನ” ಎಂದರು ಅಜ್ಜ. “ನನ್ನ ಕೋಣೆ. ನಾನೇ ನೂಕಿದ್ನೋ ಇಲ್ವೋ ಅಂತ ಇನ್ನೊಬ್ಬರನ್ನ ಕೇಳಿದೆ.” ಅವರ ಕನ್ನಡಕ ಕಣ್ಣಮೇಲೇ ಇತ್ತು. ಆದರೂ ಏನೋ ಹುಡುಕುವವರಂತೆ ಮೇಜು ತಡವುತ್ತಿದ್ದರು.

ಮೇಡಂ ಇದ್ದದ್ದನ್ನು ಇದ್ದ ಹಾಗೆ ಮೇಲಿನವರಿಗೆ ಬರೆದರು. ತೋಟದವರನ್ನು ಹಣ್ಣಿನ ಗೋದಾಮಿಗೆ ಕರೆದು ಎದುರು ನಿಂತು ಹೇಳಿದರು. ಒಂದು ಗಾಡಿ ತಪ್ಪಿಹೋಗಿದೆ, ವಿಧಾನ ತಪ್ಪಲ್ಲ. ಈಗಿನ ಹತ್ತರಷ್ಟು ಬಂಜೆ ನೊಣ ಎರಡು ಫಸಲು ಬಿಟ್ಟರೆ ಮತ್ತೆ ಹತೋಟಿಗೆ ಬರುತ್ತದೆ, ದಯವಿಟ್ಟು ಅವಕಾಶ ಕೊಡಿ ಎಂದರು. ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವುದೂ ಬೇಕಿರಲಿಲ್ಲ, ನಾನು ಗೋಡೆಗೆ ಒರಗಿ ಅಳುತ್ತ ನಿಂತಿದ್ದೆ.

ಮೊದಲು ಎದ್ದವನು ಕೆಳಗಿನ ತೋಟದ ಮುದುಕ. “ಅಂದ್ರೆ ಹೊರಗಿಂದ ಬಂದ ನೊಣ ಅಲ್ಲ. ನೀವೇ ಬೂಸಾ ತಿನ್ನಿಸಿ ಸಾಕಿ, ನೀವೇ ತಂದು ನಮ್ಮ ಮರದ ಮೇಲೆ ಬಿಟ್ರಿ.”

“ಹೌದು” ಎಂದರು ಮೇಡಂ.

“ಬೇಲಿನೇ ಎದ್ದು ಹೊಲ ಮೇಯ್ತು ಬಿಡಿ. ಈಗ ಇನ್ನೂ ಹತ್ತರಷ್ಟು ಬಿಡ್ತೀವಿ ಅಂತೀರಾ? ಅದ್ರಲ್ಲಿ ಎಷ್ಟು ಗಾಡಿಗೆ ಬಿಸಿಲು ಬಡಿದಿರುತ್ತೆ?”

ಗೋದಾಮು ನಕ್ಕಿತು. ವಿಕಿರಣದ ನೊಣ ಕೂತ ಹಣ್ಣು ತಿಂದರೆ ನಮಗೂ ಮಕ್ಕಳಾಗಲ್ವಂತೆ ಎಂದು ಹಿಂದಿನಿಂದ ಯಾರೋ ಕೂಗಿದರು. ಮೇಡಂ ಅದು ಹಾಗಲ್ಲವೆಂದು ಬಿಡಿಸಿ ಹೇಳಲು ಶುರುಮಾಡುವಷ್ಟರಲ್ಲಿ ಅರ್ಧ ಜನ ಹೊರಟಿದ್ದರು. ಭಾವ ಕೊನೆಯವರೆಗೂ ಕೂತಿದ್ದರು. ಕೈ ಎತ್ತುವಂತೆ ಕೇಳಿದಾಗ ನೊಣ ಬಿಡಿ ಎಂದು ಎತ್ತಿದ ಕೈ ಅವರದೊಂದೇ. ಅದು ಗಟ್ಟಿಯಾಗಿ, ಅಲುಗದೆ ನಿಂತಿತ್ತು.

ಹತ್ತು ದಿನದಲ್ಲಿ ಆದೇಶ ಬಂತು. ಕಾರ್ಖಾನೆ ಮುಚ್ಚುವುದು. ಕಾಯಿ ಹಣ್ಣು ಎಲ್ಲ ಕಿತ್ತು ಹೂಳುವುದು. ಪ್ರತಿ ತೋಟಕ್ಕೂ ಹತ್ತು ದಿನಕ್ಕೊಮ್ಮೆ, ಎರಡು ವರ್ಷ, ಔಷಧಿ ಹೊಡೆಯುವುದು. ಹೊಡೆಯದ ತೋಟವನ್ನು ಬುಡಸಮೇತ ಕೀಳಿಸಲಾಗುವುದು. ಹೊಡೆಯುವವರಿಗೆ ತರಬೇತಿಯ ಚೀಟಿ ಇರಲೇಬೇಕು, ಕಚೇರಿಯವನು ನಿಂತು ನೋಡಿ ಸಹಿ ಹಾಕಬೇಕು.

ಕಣಿವೆಗೆಲ್ಲ ಚೀಟಿ ಇದ್ದವರು ಹದಿನಾಲ್ಕು ಜನ, ಅವರವರ ತೋಟವೇ ಅವರಿಗೆ ಹಾಸಿ ಹೊದೆಯುವಷ್ಟು. ನಾನು ತರಬೇತಿಗೆ ಹೆಸರು ಕೊಟ್ಟೆ. ಮುಂದಿನ ತರಬೇತಿ ಏಳು ತಿಂಗಳಾದ ಮೇಲೆ ಎಂದರು. ಕಚೇರಿಯವನ ಕಾಲು ಹಿಡಿಯುವುದೊಂದು ಬಾಕಿ. ಅವನು ಕೆಟ್ಟವನಲ್ಲ. “ವಿಷ ಅಮ್ಮಾ ಇದು. ಚೀಟಿ ಇಲ್ಲದೋರ ಕೈಗೆ ಕೊಟ್ಟು ನಿಮಗೇನಾದ್ರೂ ಆದ್ರೆ?” ಎಂದ.

ನಮ್ಮ ಮನೆಯಲ್ಲಿ ಚೀಟಿ ಇದ್ದದ್ದು ಭಾವನಿಗೆ. ಔಷಧಿ ಹೊಡೆಯುತ್ತಿದ್ದ ಕಾಲದ ಹಳೆಯ ಚೀಟಿ, ಅಂಚು ಸವೆದದ್ದು.

“ಮರ ಹೋದ್ರೆ ಹೋಗ್ಲಿ, ಕೀಳ್ಸಿಬಿಡೋಣ” ಎಂದಳು ಅಕ್ಕ.

“ಕೀಳ್ಸಿ? ಇಬ್ಬರೂ ಕೂತು ನೊಣ ಹೊಡೆಯೋಣವಾ?” ಎಂದು ಭಾವ ಅಟ್ಟಕ್ಕೆ ಏಣಿ ಹಾಕಿದರು.

ಕಾರ್ಖಾನೆಯಲ್ಲಿ ಬಿಸಿ ಕೋಣೆಯ ಹೀಟರು ಆರಿಸಿದ ದಿನ ನಾನೂ ಇದ್ದೆ. ಪಂಜರಗಳ ಒಳಗೆ ನೊಣಗಳು ಮೊದಲು ಗುಂಪುಗೂಡಿದವು, ಆಮೇಲೆ ಒಂದೊಂದೇ ತಳಕ್ಕೆ ಉದುರಿದವು. ಗವಿಯಜ್ಜ ನಿವೃತ್ತಿಗೆ ಕಾಯದೆ ಕೆಲಸ ಬಿಟ್ಟು ಹೋಗಿದ್ದರು. ಮೇಡಂಗೆ ಎಲ್ಲೋ ದೂರ ವರ್ಗವಾಗಿತ್ತು. ಹೊರಡುವಾಗ ನನ್ನ ಹೆಗಲು ತಟ್ಟಿ ಕಾರು ಹತ್ತಿದರು. ಒಪ್ಪಿಸಬೇಕಾದ ಸಾಮಾನುಗಳ ಒಂದು ಪಟ್ಟಿ ನನಗೆ ಕೊಟ್ಟಿದ್ದರು. ತಟ್ಟೆ ಇಷ್ಟು, ಪಂಜರ ಇಷ್ಟು, ಸ್ಟೂಲು ಒಂದು. ಕೊನೆಯ ಸಾಲು: ಕಿಟಕಿ ಪರದೆ ಒಂದು, ಒಗೆಸಿ ಒಪ್ಪಿಸುವುದು.

ಮನೆಗೆ ತಂದೆ. ಅವತ್ತು ನಮ್ಮ ತೋಟಕ್ಕೆ ಐದನೇ ಸಲದ ಔಷಧಿ. ಕಚೇರಿಯವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಭಾವ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಕೆಳಗಿಟ್ಟಾಗ ಲೋಟ ನೆಲಕ್ಕೆ ಟಕಟಕ ಎಂದು ನಾಲ್ಕೈದು ಸಲ ತಾಗಿತು. ಅಕ್ಕ ಹತ್ತಿರ ಹೋಗಿ ಅವರ ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿದಳು.

“ಮೇಲಿಂದು ಬೇಡ, ಉಸಿರು ಕಟ್ಟುತ್ತೆ” ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿ, “ನೊಣದಮ್ಮ, ಮುಖ ಯಾಕೆ ಹಾಗೆ? ನೀನು ಬಟ್ಟೆ ಒಗೆದೆ ಅಷ್ಟೇ ಕಣೇ. ಒಗೆಯೋದು ತಪ್ಪಾ?” ಎಂದರು.

ಬೈದಿದ್ದರೆ ಆಗುತ್ತಿತ್ತು. ನಾನು ಪಂಪನ್ನು ಅವರ ಬೆನ್ನಿಗೆ ಎತ್ತಿ ಕೊಟ್ಟೆ. ಪಟ್ಟಿ ಬಿಗಿಯುವ ಕೊಕ್ಕೆ ಅವರ ಬೆರಳಿಗೆ ಸಿಗದೆ ಮೂರು ಸಲ ಜಾರಿತು. ನಾಲ್ಕನೇ ಸಲಕ್ಕೆ ನಾನೇ ಹಾಕಿದೆ.

ಅವರು ಮರಗಳ ಸಾಲಿಗೆ ಇಳಿದ ಮೇಲೆ ಅಕ್ಕ ಪರದೆಯನ್ನು ಟಬ್ಬಿನಲ್ಲಿ ನೆನೆಸಿದಳು. ಇಬ್ಬರೂ ತುಳಿದೆವು. ಹಿಂಡುವಾಗ ಆಚೆ ತುದಿ ಹಿಡಿಯಲು ಯಾರೂ ಇರಲಿಲ್ಲ, ಆ ತುದಿಯನ್ನು ಕಂಬಕ್ಕೆ ಕಟ್ಟಿ ತಿರುಚಿದೆವು. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು. ಔಷಧಿಯ ವಾಸನೆ ಮೂಗಿಗೆ ಅಡರತೊಡಗಿದಾಗ ಅಕ್ಕ ಒದ್ದೆ ಪರದೆಯನ್ನೇ ಎಳೆದು ಹಿಂಬಾಗಿಲಿಗೆ ಅಡ್ಡವಾಗಿ ಮೊಳೆಗೆ ಸಿಕ್ಕಿಸಿ ಇಳಿಬಿಟ್ಟಳು. ಒಳಗೆ ಕತ್ತಲಾಯಿತು. ಪರದೆಯ ಆಚೆ ಪಂಪಿನ ಹಿಡಿ ಮೇಲೆ ಕೆಳಗೆ ಆಡುವ ಸದ್ದು ಕೇಳುತ್ತಿತ್ತು. ನಡುನಡುವೆ ಅದು ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅಕ್ಕ ತಲೆ ಎತ್ತುತ್ತಿದ್ದಳು, ಮತ್ತೆ ಶುರುವಾಗುವವರೆಗೆ ಹಾಗೇ ಇರುತ್ತಿದ್ದಳು.

ವಾಸನೆ ಒಳಗೆ ಬರುತ್ತಲೇ ಇತ್ತು.